ಸಮುದ್ರದ ಪಾಲಾಗುವ ನೀರು

ಮುಂಗಾರು ಜೋರಾದ ವರ್ಷವೆಲ್ಲ ನಮ್ಮ ಕಡೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಇಷ್ಟು ಟಿಎಂಸಿ ನೀರು ವ್ಯರ್ಥವಾಗಿ ಸಮುದ್ರ ಸೇರಿತು. ವಿಧಾನಸಭೆಯಲ್ಲಿ ಹೇಳುತ್ತಾರೆ, ಟೀವಿಯಲ್ಲಿ ಹೇಳುತ್ತಾರೆ, ಕೆಂಗೇರಿ ಬಸ್ ನಿಲ್ದಾಣದ ಬಳಿ ಟೀ ಕುಡಿಯುತ್ತಾ ನಿಂತವರೂ ಹೇಳುತ್ತಾರೆ. ಬಯಲುಸೀಮೆಯವರ ಲೆಕ್ಕದಲ್ಲಿ ಸಮುದ್ರವೆಂದರೆ ಎಲ್ಲದರ ಕೊನೆ. ನದಿ ಅಲ್ಲಿ ಮುಗಿಯುತ್ತದೆ, ರಸ್ತೆ ಅಲ್ಲಿ ಮುಗಿಯುತ್ತದೆ, ಶಾಲಾ ಪ್ರವಾಸವೂ ಅಲ್ಲೇ ಮುಗಿಯುತ್ತದೆ. ಫೋಟೊ ತೆಗೆಸಿಕೊಂಡು, ಕಾಲಿನ ಮರಳು ಕೊಡವಿ, ಬಸ್ ಹತ್ತಿದರೆ ಆಯಿತು. ಕೆಂಗೇರಿ ಇರುವುದು ಸಮುದ್ರಮಟ್ಟಕ್ಕಿಂತ ಎಂಟುನೂರು ಮೀಟರಿಗೂ ಮೇಲೆ. ಮಂಗಳೂರಿನ ಕಡಲು ನೋಡಬೇಕೆಂದರೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು. ಇಲ್ಲಿ ಕೂತವರಿಗೆ ಸಮುದ್ರ ಬೇರೆ ಯಾರದ್ದೋ ಊರಿನ ವಿಷಯ ಅನ್ನಿಸುವುದರಲ್ಲಿ ಆಶ್ಚರ್ಯವಿಲ್ಲ.

ಆದರೆ ನಮ್ಮ ಪಕ್ಕದ ರಸ್ತೆಯ ಒಂದು ಮನೆಯಲ್ಲಿ ಈ ಮಾತು ಆಡುವಂತಿಲ್ಲ. ಅಲ್ಲಿ ಅಣ್ಣ ತಂಗಿ ಇಬ್ಬರಿಗೂ ಸಮುದ್ರದ ಹುಚ್ಚು. ಅಣ್ಣ ಕುಂಬಳಗೋಡಿನ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡುತ್ತಾನೆ. ನಡುಮನೆಯಲ್ಲಿ ಇನ್ನೂರು ಲೀಟರಿನ ಉಪ್ಪುನೀರಿನ ಅಕ್ವೇರಿಯಂ ಇಟ್ಟಿದ್ದಾನೆ. ತಂಗಿ ಶುಕ್ರವಾರ ರಾತ್ರಿ ಬಸ್ ಹತ್ತಿ ಮೂಲ್ಕಿಗೆ ಹೋಗಿ ಸರ್ಫಿಂಗ್ ಮಾಡಿ ಸೋಮವಾರ ಬೆಳಗ್ಗೆ ಕಣ್ಣು ಕೆಂಪಾಗಿಸಿಕೊಂಡು ಆಫೀಸಿಗೆ ಹೋಗುತ್ತಾಳೆ. ಇಬ್ಬರೂ ಪರಿಸರ ಹೋರಾಟಗಾರರಲ್ಲ, ಭಾಷಣ ಮಾಡುವವರಂತೂ ಅಲ್ಲ. ಆದರೂ ಸಮುದ್ರ ಎಲ್ಲದರ ಕೊನೆ ಎಂಬ ನಂಬಿಕೆಯನ್ನು ಅವರ ಹವ್ಯಾಸಗಳು ಎರಡು ಬೇರೆ ದಾರಿಯಿಂದ ಅಳಿಸಿಹಾಕಿವೆ. ನನಗೆ ಕುತೂಹಲ ಹುಟ್ಟಿಸಿದ್ದು ಅದು.

ಮೊದಲು ಮೂಲ್ಕಿಯ ವಿಷಯ. ಭಾರತದ ಸರ್ಫಿಂಗ್ ಚರಿತ್ರೆಯಲ್ಲಿ ಈ ಸಣ್ಣ ಪೇಟೆಯ ಹೆಸರು ದೊಡ್ಡದು. 2004ರಲ್ಲಿ ಜ್ಯಾಕ್ ಹೆಬ್ನರ್ ಎಂಬ ಅಮೆರಿಕ ಮೂಲದ ಸನ್ಯಾಸಿ ಇಲ್ಲಿ ಮಂತ್ರ ಸರ್ಫ್ ಕ್ಲಬ್ ಶುರುಮಾಡಿದರು. ಕಾವಿ ಉಟ್ಟು ಬೋರ್ಡ್ ಹಿಡಿದ ಅವರನ್ನು ಜನ ‘ಸರ್ಫಿಂಗ್ ಸ್ವಾಮಿ’ ಎಂದೇ ಕರೆದರು. ಮಣಿಪಾಲದಲ್ಲಿ ಓದುತ್ತಿದ್ದ ಇಶಿತಾ ಮಾಳವಿಯಾ, ತುಷಾರ್ ಪಥಿಯಾನ್ ಈ ಕ್ಲಬ್ಬಿನವರಿಂದ ಸರ್ಫಿಂಗ್ ಕಲಿತು 2007ರಲ್ಲಿ ಉಡುಪಿ ಬಳಿಯ ಕೋಡಿಬೆಂಗ್ರೆಯಲ್ಲಿ ಶಾಕಾ ಸರ್ಫ್ ಕ್ಲಬ್ ಕಟ್ಟಿದರು. 2016ರಲ್ಲಿ ಇಂಡಿಯನ್ ಓಪನ್ ಸರ್ಫಿಂಗ್ ಸ್ಪರ್ಧೆ ಮೂಲ್ಕಿ ಪಕ್ಕದ ಸಸಿಹಿತ್ಲುವಿನಲ್ಲಿ ನಡೆಯಿತು. ಕರಾವಳಿಯ ಹುಡುಗಿ ತನ್ವಿ ಜಗದೀಶ್ ಸ್ಟ್ಯಾಂಡ್ ಅಪ್ ಪ್ಯಾಡ್ಲಿಂಗ್‌ನಲ್ಲಿ ದೇಶದ ಹೊರಗೂ ಹೆಸರು ಮಾಡಿದರು. 2025ರ ಆಗಸ್ಟಿನಲ್ಲಿ ಮಹಾಬಲಿಪುರದಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದ ರಮೇಶ್ ಬೂದಿಹಾಳ್ ಕೋವಳಂನಲ್ಲಿ ಬೆಳೆದವರು, ಕುಟುಂಬದ ಮೂಲ ಮಾತ್ರ ಕರ್ನಾಟಕ. ಕ್ರಿಕೆಟ್ಟಿನ ಪುಟದಲ್ಲಿ ಇದಕ್ಕೆಲ್ಲ ಎರಡು ಸಾಲು ಸಿಕ್ಕರೆ ಹೆಚ್ಚು.

ಪದಕಗಳು ಇರಲಿ. ಸರ್ಫಿಂಗ್ ಕಲಿಯುವವರು ಹೆಚ್ಚಿನ ಹೊತ್ತು ಏನು ಮಾಡುತ್ತಾರೆ ಅಂದರೆ, ಕಾಯುತ್ತಾರೆ. ಅಲೆ ಒಡೆಯುವ ಜಾಗದಿಂದ ಆಚೆ ಬೋರ್ಡಿನ ಮೇಲೆ ಕೂತು, ದಡಕ್ಕೆ ಬೆನ್ನು ಹಾಕಿ, ದಿಗಂತ ನೋಡುತ್ತಾರೆ. ಆ ಕಾಯುವಿಕೆಯಲ್ಲೇ ಪಾಠ. ದೊಡ್ಡ ಅಲೆಗಳು ಗುಂಪುಗುಂಪಾಗಿ ಬರುತ್ತವೆ, ನಡುವೆ ಬಿಡುವಿರುತ್ತದೆ. ಬೆಳಗಿನ ಹೊತ್ತು ನೆಲದ ಕಡೆಯಿಂದ ಗಾಳಿ ಬೀಸಿದರೆ ಅಲೆಯ ಮುಖ ನುಣುಪು; ಮಧ್ಯಾಹ್ನ ಕಡಲಗಾಳಿ ಎದ್ದರೆ ಎಲ್ಲ ಕದಡಿಹೋಗುತ್ತದೆ. ಇಷ್ಟು ನೋಡಿದ ಮೇಲೆ, ಈ ಅಲೆ ಹುಟ್ಟಿದ್ದಾದರೂ ಎಲ್ಲಿ ಎಂಬ ಪ್ರಶ್ನೆ ಏಳದೆ ಇರುವುದಿಲ್ಲ.

ಉತ್ತರ ಬಹಳ ದೂರದಲ್ಲಿದೆ. ಹಿಂದೂ ಮಹಾಸಾಗರದ ದಕ್ಷಿಣದ ತುದಿಯಲ್ಲಿ, ಅಂಟಾರ್ಕ್ಟಿಕಾದ ಕಡೆಗೆ, ಎದ್ದ ಬಿರುಗಾಳಿ ನೀರನ್ನು ಎಬ್ಬಿಸುತ್ತದೆ. ಅಲೆಯಿಂದ ಅಲೆಗೆ ಹದಿನೈದು ಸೆಕೆಂಡು ಅಂತರವಿರುವ ಉಬ್ಬುಗಳ ಶಕ್ತಿ ಗಂಟೆಗೆ ಸುಮಾರು ನಲವತ್ತು ಕಿಲೋಮೀಟರ್ ವೇಗದಲ್ಲಿ ಉತ್ತರಕ್ಕೆ ಸಾಗುತ್ತದೆ. ಆರು ಸಾವಿರ ಚಿಲ್ಲರೆ ಕಿಲೋಮೀಟರ್ ದಾಟಿ ನಮ್ಮ ದಡ ಮುಟ್ಟಲು ಹೆಚ್ಚುಕಡಿಮೆ ಒಂದು ವಾರ ಬೇಕು. ಸಾಗುವುದು ಶಕ್ತಿಯೇ ಹೊರತು ನೀರಲ್ಲ. ನೀರು ಇದ್ದಲ್ಲೇ ಸುತ್ತು ಹಾಕಿ ನಿಲ್ಲುತ್ತದೆ. ಇಲ್ಲಿ ಗಾಳಿಯೇ ಇಲ್ಲದ ದಿನವೂ ದಡಕ್ಕೆ ನುಗ್ಗುವ ಇಂಥ ಅಲೆಗಳನ್ನು ಕೇರಳದ ಮೀನುಗಾರರು ‘ಕಳ್ಳಕ್ಕಡಲ್’ ಅನ್ನುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಅದೇ ಹೆಸರಿನಲ್ಲಿ ಎಚ್ಚರಿಕೆ ಹೊರಡಿಸುತ್ತದೆ. ನಮ್ಮ ಕರಾವಳಿಯ ಮೊಗವೀರ ಮೀನುಗಾರರಿಗೆ ಇದನ್ನೆಲ್ಲ ಯಾರೂ ಹೇಳಿಕೊಡಬೇಕಿಲ್ಲ. ಅವರಿಗೆ ಹೊಟ್ಟೆಪಾಡು ಕಲಿಸಿದ್ದನ್ನು ಬೆಂಗಳೂರಿನವರು ದುಡ್ಡು ಕೊಟ್ಟು ಕಲಿಯುತ್ತಿದ್ದಾರೆ, ಅಷ್ಟೆ.

ಕಲಿಯುವುದು ಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ನಮ್ಮಲ್ಲಿ ಸಾಕ್ಷಿಯಿದೆ. 2024ರ ಡಿಸೆಂಬರಿನಲ್ಲಿ ಮುಳಬಾಗಿಲಿನ ಕಡೆಯಿಂದ ಮುರ್ಡೇಶ್ವರಕ್ಕೆ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಪ್ರತಿ ವರ್ಷ ಬಯಲುಸೀಮೆಯ ಯಾವುದಾದರೂ ಮನೆಗೆ ಇಂಥ ಸುದ್ದಿ ಬರುತ್ತದೆ. ಒಳನಾಡಿನ ಕಣ್ಣಿಗೆ ನೊರೆ ಎದ್ದು ಭೋರ್ಗರೆಯುವ ಜಾಗ ಅಪಾಯಕಾರಿ, ನಡುವೆ ಅಲೆಯಿಲ್ಲದೆ ಶಾಂತವಾಗಿ ಕಾಣುವ ಪಟ್ಟಿ ಸುರಕ್ಷಿತ. ನಿಜ ಅನೇಕ ಸಲ ತಿರುಗುಮುರುಗು. ದಡಕ್ಕೆ ಬಂದ ನೀರು ಹಿಂದಕ್ಕೆ ಹೋಗಲು ಒಂದು ದಾರಿ ಮಾಡಿಕೊಳ್ಳುತ್ತದೆ. ಆ ದಾರಿಯಲ್ಲಿ ಆಳ ಹೆಚ್ಚಿರುವುದರಿಂದ ಅಲೆ ಒಡೆಯುವುದಿಲ್ಲ, ನೋಡಲು ಸಪಾಟು. ಕಾಲಿಟ್ಟವರನ್ನು ಅದು ಒಳಕ್ಕೆ ಎಳೆದುಕೊಂಡು ಹೋಗುತ್ತದೆ. ಸರ್ಫರ್‌ಗಳು ಅದೇ ಸೆಳೆತವನ್ನು ಹುಡುಕಿ, ಅದರ ಮೇಲೆ ಬೋರ್ಡ್ ಹಾಕಿ, ಕೈಗೆ ಶ್ರಮವಿಲ್ಲದೆ ಆಚೆ ದಾಟುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಬಾರದು, ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಬೇಕು. ಕಡಲತೀರಕ್ಕೆ ಮಕ್ಕಳನ್ನು ಕರೆದೊಯ್ಯುವ ಪ್ರತಿ ಶಾಲೆಯೂ ಬಸ್ ಹೊರಡುವ ಮೊದಲು ಇಷ್ಟನ್ನಾದರೂ ಹೇಳಿಕೊಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಇನ್ನು ಆ ‘ವ್ಯರ್ಥ’ ನೀರಿಗೆ ಬರೋಣ. ಸಸಿಹಿತ್ಲುವಿನಲ್ಲಿ ಶಾಂಭವಿ, ನಂದಿನಿ ಎರಡೂ ಸೇರಿ ಕಡಲಿಗೆ ಬೀಳುತ್ತವೆ. ಒಂದು ಮೀಟರ್ ಎತ್ತರದ ಅಲೆ ಸುಮಾರು ಒಂದೂಕಾಲು ಮೀಟರ್ ಆಳಕ್ಕೆ ಬಂದಾಗ ಮುಗ್ಗರಿಸಿ ಒಡೆಯುತ್ತದೆ. ಆ ಆಳ ಎಲ್ಲಿ ಸಿಗಬೇಕು ಎಂಬುದನ್ನು ನಿರ್ಧರಿಸುವುದು ನೀರಿನಡಿಯ ಮರಳದಿಬ್ಬ. ಅಳಿವೆಯ ಹತ್ತಿರದ ದಿಬ್ಬಕ್ಕೆ ಮರಳು ತಂದು ಸುರಿಯುವುದು ಮಳೆಗಾಲದ ನದಿ. ಅಂದರೆ ತಂಗಿ ಎದ್ದು ನಿಲ್ಲುವ ಅಲೆಯ ಅರ್ಧ ಭಾಗ ದಕ್ಷಿಣ ಸಾಗರದ್ದು, ಇನ್ನರ್ಧ ಘಟ್ಟದ ಬುಡದ್ದು. ನದಿಯಲ್ಲಿ ಮರಳು ತೆಗೆದರೆ, ನೀರು ತಡೆದರೆ, ದಡಕ್ಕೆ ಬರಬೇಕಾದ ಮರಳು ಕಡಿಮೆಯಾಗುತ್ತದೆ; ಸಮುದ್ರ ಮಾತ್ರ ತನ್ನ ಪಾಲು ಒಯ್ಯುವುದನ್ನು ನಿಲ್ಲಿಸುವುದಿಲ್ಲ. ಆಗ ಕಡಲ್ಕೊರೆತ. ಕೊರೆತ ತಡೆಯಲು ಬಂಡೆ ಸುರಿದು ಗೋಡೆ ಕಟ್ಟುತ್ತೇವೆ, ಗೋಡೆಗೆ ಬಡಿದ ಅಲೆ ಪಕ್ಕದ ಊರಿನ ಮರಳನ್ನು ತಿನ್ನುತ್ತದೆ. ಉಳ್ಳಾಲದಿಂದ ಉತ್ತರಕ್ಕೆ ಕಾರಿನಲ್ಲಿ ಹೊರಟರೆ ಈ ಸರಪಳಿಯನ್ನು ಕಣ್ಣಾರೆ ನೋಡಬಹುದು. ಸಸಿಹಿತ್ಲುವಿನ ದಡವೂ ಸವೆದಿದೆ.

ಮರಳಿನದ್ದು ಒಂದು ಕಥೆಯಾದರೆ ಮೀನಿನದ್ದು ಇನ್ನೊಂದು. ಸಿಗಡಿಯ ಎಷ್ಟೋ ಜಾತಿಗಳ ಮರಿ ಬೆಳೆಯುವುದು ಸಿಹಿನೀರು ಉಪ್ಪುನೀರು ಬೆರೆಯುವ ಅಳಿವೆಯಲ್ಲೇ. ನದಿ ಹೊತ್ತು ತಂದ ಗೊಬ್ಬರ, ಮಳೆಗಾಲದಲ್ಲಿ ಆಳದಿಂದ ಮೇಲೇಳುವ ತಣ್ಣೀರು, ಎರಡೂ ಸೇರಿ ಬೂತಾಯಿ ಬಂಗುಡೆಗಳಿಗೆ ಊಟ ಒದಗಿಸುತ್ತವೆ. ಹಾಗೆಂದು ಕುಡಿಯುವ ನೀರಿಗೆ ಒದ್ದಾಡುವ ಕೋಲಾರದವರ ಕೊರಗನ್ನು ನಾನು ತಳ್ಳಿಹಾಕುತ್ತಿಲ್ಲ. ಘಟ್ಟದ ನೀರನ್ನು ಅವರ ಕಡೆಗೆ ತಿರುಗಿಸುವ ಎತ್ತಿನಹೊಳೆ ಯೋಜನೆಯ ಪರ ವಿರೋಧಕ್ಕೆ ಬೇಕಾದಷ್ಟು ವಾದಗಳಿವೆ, ಇರಲಿ. ಅದರಲ್ಲಿ ವ್ಯರ್ಥವಾಗುವ ನೀರು ಎಂಬ ವಾದ ಮಾತ್ರ ನಿಲ್ಲುವುದಿಲ್ಲ.

ಈಗ ಅಣ್ಣನ ಟ್ಯಾಂಕಿಗೆ ಬರುತ್ತೇನೆ. ನನ್ನ ಮಟ್ಟಿಗೆ ಹೆಚ್ಚು ಸ್ವಾರಸ್ಯ ಇರುವುದು ಇಲ್ಲಿ.

ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಇನ್ನೂರು ಲೀಟರಿಗೆ ಏಳು ಕಿಲೋ. ಅಡುಗೆ ಉಪ್ಪು ನಡೆಯುವುದಿಲ್ಲ. ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಲೆಕ್ಕವಾಗಿ ಬೆರೆತ ಉಪ್ಪಿನ ಮಿಶ್ರಣವೇ ಬೇಕು. ನಲ್ಲಿಯ ನೀರೂ ಆಗದು, ಬೋರ್‌ವೆಲ್ ನೀರಂತೂ ಬೇಡವೇ ಬೇಡ, ಆರ್‌ಒ ನೀರು ಬೇಕು. ನೀರು, ಉಪ್ಪು, ರಂಧ್ರಗಳಿರುವ ಕಲ್ಲು ಇವಿಷ್ಟನ್ನು ಹಾಕಿ, ಪಂಪ್ ಓಡಿಸಿ, ನಾಲ್ಕರಿಂದ ಆರು ವಾರ ಸುಮ್ಮನೆ ಬಿಡಬೇಕು. ಮೀನಿಲ್ಲದ ಆ ಗಾಜಿನ ತೊಟ್ಟಿಯನ್ನು ನೋಡಿದ ನೆಂಟರೆಲ್ಲ ಅವನ ಅಮ್ಮನನ್ನು ಕೇಳಿದ್ದು ಒಂದೇ: ‘ಮೀನೆಲ್ಲಿ, ಸತ್ತೋದ್ವಾ?’ ಅಮ್ಮನ ಉತ್ತರ: ‘ಇಲ್ಲಮ್ಮ, ಇನ್ನೂ ಬ್ಯಾಕ್ಟೀರಿಯಾ ಸಾಕ್ತಿದಾನೆ.’

ಸರಿಯಾದ ಉತ್ತರವೇ. ಮೀನು ಹೊರಹಾಕುವ ಅಮೋನಿಯ ವಿಷ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಇವು ಕಲ್ಲಿನ ರಂಧ್ರಗಳಲ್ಲಿ ನೆಲೆಯೂರುವ ತನಕ ಮೀನು ಬಿಟ್ಟರೆ ಬದುಕದು. ನೈಟ್ರೇಟ್ ಅಷ್ಟು ಅಪಾಯವಲ್ಲ, ಆದರೆ ತಾನಾಗಿ ಎಲ್ಲಿಗೂ ಹೋಗುವುದಿಲ್ಲ. ಪಾಚಿ ತಿನ್ನಬೇಕು, ಇಲ್ಲ ನೀರು ಬದಲಿಸಬೇಕು. ಒಂದು ಚಿಟಿಕೆ ಮೀನಿನ ಆಹಾರ ಹೆಚ್ಚಾಗಿ ಬಿದ್ದರೆ ಅದರ ಫಾಸ್ಫೇಟ್ ಹದಿನೈದು ದಿನದ ಮೇಲೆ ಕಲ್ಲಿನ ಮೇಲಿನ ಕೂದಲುಪಾಚಿಯಾಗಿ ಎದ್ದು ಬರುತ್ತದೆ. ಬಿಸಾಡಿದ್ದು ಹೋಗಿ ಸೇರಲು ಇಲ್ಲಿ ‘ಆಚೆ’ ಎಂಬ ಜಾಗವೇ ಇಲ್ಲ. ಎಲ್ಲವೂ ಇನ್ನೂರು ಲೀಟರಿನ ಒಳಗೇ ರೂಪ ಬದಲಿಸಿಕೊಂಡು ಕೂತಿರುತ್ತದೆ. ಅವನ ಗೋಡೆಯ ಮೇಲೆ ಒಂದು ಪಟ್ಟಿ ತೂಗುಹಾಕಿದೆ, ರೇಷನ್ ಅಂಗಡಿಯ ಬೋರ್ಡಿನಂತೆ: ಉಪ್ಪು, ಉಷ್ಣತೆ, ಕ್ಷಾರ, ಕ್ಯಾಲ್ಸಿಯಂ, ನೈಟ್ರೇಟ್, ಫಾಸ್ಫೇಟ್. ವಾರಕ್ಕೊಮ್ಮೆ ಹನಿ ಎಣಿಸಿ ಬಣ್ಣ ನೋಡಿ ಬರೆಯುತ್ತಾನೆ.

ಇದರಿಂದ ಪ್ರೀತಿ ಹುಟ್ಟುತ್ತದೆಯೇ? ಲೆಕ್ಕ ಬರೆಯುವುದರಿಂದ ಹುಟ್ಟದು. ಸಂಜೆ ದೀಪ ಮಂಕಾಗುವ ಹೊತ್ತಿಗೆ ಆ ತೊಟ್ಟಿಯ ಮುಂದೆ ಕೂತರೆ ಗೊತ್ತಾಗುತ್ತದೆ. ಹಗಲಿಡೀ ಗುಂಡಿಯಂತೆ ಮುಚ್ಚಿಕೊಂಡಿದ್ದ ಜೀವಿ ಸಣ್ಣ ಸಣ್ಣ ಬೆರಳು ಬಿಚ್ಚುತ್ತದೆ. ಅಂಗುಲಕ್ಕಿಂತ ತುಸು ದೊಡ್ಡದಾದ ಸಿಗಡಿಯೊಂದು ಕಲ್ಲಿನ ಗೂಡಿನಿಂದ ಹೊರಬಂದು ತನ್ನ ಬಿಳಿ ಮೀಸೆ ಆಡಿಸುತ್ತದೆ. ಕ್ಲೌನ್‌ಫಿಶ್ ಅದರ ಮುಂದೆ ಬಂದು ಬಾಯಿ ತೆರೆದು ನಿಲ್ಲುತ್ತದೆ, ಸಿಗಡಿ ಕಿವಿರಿನ ಸುತ್ತ ಕಸ ಹೆಕ್ಕುತ್ತದೆ. ಆ ಕ್ಲೌನ್‌ಫಿಶ್ ಜೋಡಿಯಲ್ಲಿ ದೊಡ್ಡದು ಹೆಣ್ಣು. ಅದು ಸತ್ತರೆ ಗಂಡೇ ಹೆಣ್ಣಾಗಿ ಬದಲಾಗಿ ಸಂಸಾರ ಮುಂದುವರಿಸುತ್ತದೆ. ಇದನ್ನು ಕೇಳಿದ ದಿನ ಅಮ್ಮ ‘ಅನುಕೂಲವಾಯ್ತು’ ಅಂದರು.

2024ರ ಬೇಸಿಗೆ ಆ ಮನೆಯವರಿಗೆ ಮರೆಯುವಂಥದ್ದಲ್ಲ. ಏಪ್ರಿಲ್ ಕೊನೆಯಲ್ಲಿ ಬೆಂಗಳೂರಿನ ಉಷ್ಣತೆ 38 ಡಿಗ್ರಿ ದಾಟಿತು. ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರಿಗೆ ಸಾಲು ನಿಂತ ವರ್ಷವದು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ ಐದು ಸಾವಿರ ರೂಪಾಯಿ ದಂಡ ಎಂದು ಮಾರ್ಚಿನಲ್ಲೇ ಆದೇಶವಾಗಿತ್ತು. ಅಕ್ವೇರಿಯಂನ ನೀರು 26 ಡಿಗ್ರಿಯ ಆಸುಪಾಸಿನಲ್ಲಿರಬೇಕು, 30ರ ಕಡೆಗೆ ಏರತೊಡಗಿತು. ಅವನು ಮೇಲೆ ಸಣ್ಣ ಫ್ಯಾನ್ ಕಟ್ಟಿದ. ಫ್ಯಾನ್ ಗಾಳಿಗೆ ನೀರು ಆವಿಯಾಗಿ ಎರಡು ಮೂರು ಡಿಗ್ರಿ ತಣ್ಣಗಾಗುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ, ಉಪ್ಪು ಉಳಿಯುತ್ತದೆ. ದಿನವೂ ಸಿಹಿನೀರು ತುಂಬಬೇಕು. ಅದಕ್ಕೆ ಆರ್‌ಒ. ಒಂದು ಲೀಟರ್ ಶುದ್ಧ ನೀರು ಕೊಡಲು ಆ ಯಂತ್ರ ಎರಡು ಮೂರು ಲೀಟರನ್ನು ಹೊರಗೆ ಬಿಡುತ್ತದೆ. ಬೀದಿಯವರು ಬಿಂದಿಗೆ ಹಿಡಿದು ನಿಂತಿರುವಾಗ ಮನೆಯೊಳಗೆ ಹವ್ಯಾಸಕ್ಕೆ ನೀರು! ಅಮ್ಮ ಪೈಪಿನ ಕೆಳಗೆ ಬಕೆಟ್ ಇಟ್ಟರು, ಆ ನೀರಿನಲ್ಲೇ ಪಾತ್ರೆ ತೊಳೆದು ನೆಲ ಒರೆಸುವುದು ಅಂದಿನಿಂದ ರೂಢಿಯಾಯಿತು.

ಅದೇ ಏಪ್ರಿಲ್ 15ರಂದು ಅಮೆರಿಕದ ಸಾಗರ ಸಂಸ್ಥೆ ನೋವಾ, ಅಂತರರಾಷ್ಟ್ರೀಯ ಹವಳದಿಬ್ಬ ಒಕ್ಕೂಟದ ಜೊತೆ ಸೇರಿ, ಜಗತ್ತಿನ ಹವಳಗಳು ನಾಲ್ಕನೇ ಬಾರಿಗೆ ಸಾಮೂಹಿಕವಾಗಿ ಬಿಳಿಚಿಕೊಳ್ಳುತ್ತಿವೆ ಎಂದು ಪ್ರಕಟಿಸಿತು. ಮೇ ತಿಂಗಳಲ್ಲಿ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಲಕ್ಷದ್ವೀಪದಲ್ಲಿ ಹವಳ ದೊಡ್ಡ ಪ್ರಮಾಣದಲ್ಲಿ ಬಿಳಿಚಿದ್ದನ್ನು ವರದಿ ಮಾಡಿತು. ಹವಳದ ಅಂಗಾಂಶದೊಳಗೆ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಬಿಸಿಲಿನಲ್ಲಿ ಅದು ಮಾಡುವ ಅಡುಗೆಯೇ ಹವಳದ ಊಟದ ಬಹುಪಾಲು, ಬಣ್ಣದ ಬಹುಪಾಲೂ ಅದರದ್ದೇ. ಆ ಜಾಗದ ಬೇಸಿಗೆಯ ಗರಿಷ್ಠಕ್ಕಿಂತ ನೀರು ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ಉಳಿದರೆ ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ತಕ್ಷಣ ಸಾಯುವುದಿಲ್ಲ, ಉಪವಾಸ ಬೀಳುತ್ತದೆ. ನೀರು ಬೇಗ ತಣಿದರೆ ಚೇತರಿಸಿಕೊಂಡೀತು. ಒಂದು ಡಿಗ್ರಿ ಎಂಬ ಈ ಮಾತು ನನ್ನಂಥವರಿಗೆ ಪತ್ರಿಕೆಯ ಒಳಪುಟದ ಸುದ್ದಿ. ರಾತ್ರಿ ಎರಡು ಗಂಟೆಗೆ ಎದ್ದು ಥರ್ಮಾಮೀಟರ್ ನೋಡಿದವನಿಗೆ ಅದು ಹಾಗೆ ಕೇಳಿಸುವುದಿಲ್ಲ.

ನಮ್ಮದೇ ರಾಜ್ಯದಲ್ಲಿ, ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗುವಷ್ಟು ದೂರದ ನೇತ್ರಾಣಿ ದ್ವೀಪದ ಸುತ್ತ ಹವಳವಿದೆ. ಸ್ಕೂಬಾ ಡೈವಿಂಗಿನವರಿಗೆ ಬಿಟ್ಟರೆ ಬಹಳ ಕನ್ನಡಿಗರಿಗೆ ಗೊತ್ತಿಲ್ಲ. ಆ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದ್ದೂ ಉಂಟು.

ಆದರೆ ಅಕ್ವೇರಿಯಂ ಹವ್ಯಾಸವನ್ನು ಸುಮ್ಮನೆ ಹೊಗಳಲು ನಾನು ಸಿದ್ಧನಿಲ್ಲ. ಸಿಹಿನೀರಿನ ಅಲಂಕಾರಿಕ ಮೀನುಗಳಲ್ಲಿ ಹೆಚ್ಚಿನವು ಸಾಕಣೆಯಿಂದ ಬರುತ್ತವೆ, ಉಪ್ಪುನೀರಿನ ಮೀನುಗಳಲ್ಲಿ ಹೆಚ್ಚಿನವನ್ನು ಇಂದಿಗೂ ಕಡಲಿನಿಂದಲೇ ಹಿಡಿಯುತ್ತಾರೆ. ದಿಬ್ಬ ಕಟ್ಟುವ ಗಟ್ಟಿ ಹವಳಗಳು ಮತ್ತು ಕಡಲಕುದುರೆ 2001ರಿಂದಲೂ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಕಾಯ್ದೆಯ ಕಣ್ಣಲ್ಲಿ ಅವು ಹುಲಿಯ ಸಾಲಿನವು. ಕಡಲತೀರದಲ್ಲಿ ಕೊಂಡ ಒಣಗಿದ ಹವಳದ ತುಂಡನ್ನು ಶೋಕೇಸಿನಲ್ಲಿಟ್ಟವರಿಗೂ ಈ ಮಾತು ತಾಗುತ್ತದೆ. ‘ಎಲ್ಲರೂ ಇಟ್ಟಿದ್ದಾರೆ ಸಾರ್’ ಎಂದು ಅಂಗಡಿಯವರು ಹೇಳುವುದು ಕಾನೂನಲ್ಲ. ಕ್ಲೌನ್‌ಫಿಶ್‌ನ ಮಟ್ಟಿಗೆ ಒಂದು ಸಮಾಧಾನವಿದೆ: ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ಅದನ್ನು ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನ ರೂಢಿಸಿದ್ದಾರೆ. ಎಲ್ಲಿ ಹುಟ್ಟಿದ ಮೀನು ಎಂದು ಕೇಳದೆ ಕೊಂಡು ತಂದು, ಸಮುದ್ರ ನನಗೆ ಪ್ರಾಣ ಅನ್ನುವವರ ಪ್ರೀತಿಯನ್ನು ನಾನಂತೂ ನಂಬುವುದಿಲ್ಲ. ಅಣ್ಣನ ತೊಟ್ಟಿಯಲ್ಲಿ ಮರಿಮಾಡಿಸಿದ ಕ್ಲೌನ್‌ಫಿಶ್, ಆ ಸಿಗಡಿ, ಪಟ್ಟಿಗೆ ಸೇರದ ಮೆದು ಜಾತಿಯ ಜೀವಿಗಳು, ಅಷ್ಟೇ ಇವೆ. ಬಣ್ಣ ಕಮ್ಮಿ ಎಂದು ಬಂದವರು ಅನ್ನುತ್ತಾರೆ.

ಸರ್ಫಿಂಗಿನವರೂ ಪೂರ್ತಿ ಪಾರಾಗುವುದಿಲ್ಲ. ಬೋರ್ಡೆಂಬುದು ಪ್ಲಾಸ್ಟಿಕ್ ನೊರೆ ಮತ್ತು ರಾಳ, ವಾರಾಂತ್ಯದ ಪ್ರಯಾಣವೆಂದರೆ ಡೀಸೆಲ್.

ಇಷ್ಟು ತಿಳಿದ ಮೇಲೆ ಕೆಂಗೇರಿಯಲ್ಲಿ ಕಾಣುವುದೇನು? ವೃಷಭಾವತಿ. ಬಸವನಗುಡಿಯ ದೊಡ್ಡ ಬಸವನ ಪಾದದಲ್ಲಿ ಹುಟ್ಟಿತೆಂದು ಹೇಳುವ ಈ ಹೊಳೆ ಗಾಳಿ ಆಂಜನೇಯನ ಗುಡಿ, ನಾಯಂಡಹಳ್ಳಿ ದಾಟಿ ಕೆಂಗೇರಿಗೆ ಬರುವ ಹೊತ್ತಿಗೆ ಊರಿನ ಪಶ್ಚಿಮ ಭಾಗದ ಬಚ್ಚಲನ್ನೆಲ್ಲ ಹೊತ್ತಿರುತ್ತದೆ. ಮುಂದೆ ಬೈರಮಂಗಲ ಕೆರೆ, ಅಲ್ಲಿಂದ ಅರ್ಕಾವತಿ, ಸಂಗಮದಲ್ಲಿ ಕಾವೇರಿ, ಮೆಟ್ಟೂರು, ಕೊನೆಗೆ ಪೂಂಪುಹಾರಿನ ಬಳಿ ಬಂಗಾಳಕೊಲ್ಲಿ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಎತ್ತರಕ್ಕೆ ಪಂಪ್ ಮಾಡಿ ತಂದ ಕಾವೇರಿಯನ್ನು ನಾವು ಬಳಸಿ, ಅದೇ ಕಾವೇರಿಗೆ ಸ್ವಲ್ಪ ಕೆಳಗೆ ವಾಪಸ್ ಬಿಡುತ್ತೇವೆ. ಪ್ರಾಮಾಣಿಕವಾಗಿ ಹೇಳಬೇಕೆಂದರೆ ಕೆಂಗೇರಿಯ ನೊರೆ ಹೋಗಿ ಯಾವುದೋ ಹವಳಕ್ಕೆ ತಾಗಿತು ಎನ್ನಲಾಗದು. ದಾರಿಯಲ್ಲಿ ಕೆರೆ, ಅಣೆಕಟ್ಟು, ಗದ್ದೆ ಅದರಲ್ಲಿ ಬಹಳಷ್ಟನ್ನು ಹಿಡಿದಿಟ್ಟುಕೊಳ್ಳುತ್ತವೆ. ಹಿಡಿದಿಟ್ಟುಕೊಳ್ಳುವುದೆಂದರೆ ಬೈರಮಂಗಲದ ರೈತರ ಹೊಲ, ಬಾವಿ, ಹಸುವಿನ ಮೇವು ಅದನ್ನು ತಿನ್ನುತ್ತವೆ ಎಂದರ್ಥ.

ಕಳೆದ ಬೇಸಿಗೆಯಲ್ಲಿ ಅಣ್ಣ ತನ್ನ ಫಾಸ್ಫೇಟ್ ಕಿಟ್ ಜೇಬಿನಲ್ಲಿಟ್ಟುಕೊಂಡು ಹೊಳೆಯ ಸೇತುವೆ ಹತ್ತಿರ ಹೋಗಿ ಒಂದು ಬಾಟಲಿ ನೀರು ತುಂಬಿಕೊಂಡು ಬಂದ. ಅವನ ಟ್ಯಾಂಕಿನ ನೀರಿಗೆ ಕಿಟ್ಟಿನ ಹನಿ ಹಾಕಿದರೆ ನೀಲಿ ಬಣ್ಣ ಇದೆಯೋ ಇಲ್ಲವೋ ಅನ್ನುವಷ್ಟು ತಿಳಿ, ಲೀಟರಿಗೆ 0.1 ಮಿಲಿಗ್ರಾಂ ದಾಟಿದರೆ ಅವನು ನಿದ್ದೆಗೆಡುತ್ತಾನೆ. ಹೊಳೆಯ ನೀರು ಕಿಟ್ಟಿನ ಜೊತೆ ಬಂದ ಬಣ್ಣದ ಕಾರ್ಡಿನ ಕೊನೆಯ ಚೌಕವನ್ನೂ ದಾಟಿ ಇಂಕಿನಷ್ಟು ಕಪ್ಪಾಯಿತು. ಸೋಸಿ, ಹತ್ತು ಪಾಲು ಆರ್‌ಒ ನೀರು ಬೆರೆಸಿ ಮತ್ತೆ ಹಾಕಿದ. ಆಗಲೂ ಕಾರ್ಡು ಸಾಲಲಿಲ್ಲ. ಮಳೆಗಾಲ ಮುಗಿದು ಸೆಪ್ಟೆಂಬರ್ ಹೊತ್ತಿಗೆ ಸರ್ಫ್ ಶಾಲೆಗಳು ಬಾಗಿಲು ತೆರೆದಾಗ ಸಸಿಹಿತ್ಲುವಿನ ಅಳಿವೆಯ ನೀರನ್ನೂ ಹೀಗೇ ನೋಡಬೇಕೆಂದು ತಂಗಿ ಹಠ ಹಿಡಿದಿದ್ದಾಳೆ. ಕಿಟ್ಟಿನ ಹೊಸ ಬಾಟಲಿಗೆ ದುಡ್ಡು ಯಾರು ಕೊಡಬೇಕು ಎಂಬ ವಿಷಯದಲ್ಲಿ ಮಾತ್ರ ಅಣ್ಣ ತಂಗಿಗೆ ಇನ್ನೂ ರಾಜಿಯಾಗಿಲ್ಲ.